ಮುಂಗಡವೂ ದಾಸ್ಯವೂ: ರೇಷ್ಮೆಯ ಸರಬರಾಜು ಸರಣಿಯಲ್ಲಿ ಜೀತದ ನಿವಾರಣೆ

ಜೀತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಡೆಯನ ಹೊಲದಲ್ಲಿ ತಲೆಮಾರುಗಳಿಂದ ದುಡಿಯುವ ಆಳಿನ ಚಿತ್ರ. ೧೯೩೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ ಈ ಚಿತ್ರವನ್ನು ಕನ್ನಡ ವಾಚಕರಲ್ಲಿ ಅಚ್ಚೊತ್ತಿದೆ. ಆದರೆ ಆ ಕಾದಂಬರಿಯಲ್ಲಿಯೇ ಚೋಮನ ಮಕ್ಕಳು ಸಾಲ ತೀರಿಸುವುದಕ್ಕಾಗಿ ಕಾಫಿಯ ತೋಟಕ್ಕೆ ಹೋಗಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ಜೀತವು ಕೇವಲ ಹಳ್ಳಿಯ ಹಳೆಯ ಕಟ್ಟುಪಾಡಲ್ಲ. ದೂರದ ಮಾರುಕಟ್ಟೆಗಾಗಿ ಸರಕನ್ನು ಸಿದ್ಧಗೊಳಿಸುವ ಉದ್ಯಮದೊಡನೆಯೂ ಅದು ಸುಲಭವಾಗಿ ಬೆರೆಯಬಲ್ಲುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಇತರ ಸಂಸ್ಥೆಗಳೊಡನೆ ೨೦೨೨ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ೨೦೨೧ರಲ್ಲಿ ಜಗತ್ತಿನಲ್ಲಿ ೨ ಕೋಟಿ ೭೬ ಲಕ್ಷ ಜನ ಬಲವಂತದ ದುಡಿಮೆಯಲ್ಲಿ ಸಿಲುಕಿದ್ದರು. ಒಂದು ಸಂಸ್ಥೆಯು ತಾನು ಕೊಳ್ಳುವ ಸರಕಿನೊಳಗೆ ಇಂತಹ ದಾಸ್ಯವು ಅಡಗದಂತೆ ಹೇಗೆ ತಡೆಯಬಹುದು ಎಂಬುದನ್ನು ಕರ್ಣಾಟಕದ ರೇಷ್ಮೆಯ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಶಾಸನದ ದೃಷ್ಟಿಯಿಂದ ಜೀತದ ಲಕ್ಷಣವನ್ನು ತಿಳಿಯಬೇಕು. ಭಾರತ ಸಂವಿಧಾನದ ೨೩ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ೧೯೭೬ರ ಜೀತಪದ್ಧತಿ ನಿರ್ಮೂಲನ ಶಾಸನದ ಪ್ರಕಾರ, ಪಡೆದ ಮುಂಗಡಕ್ಕೆ ಪ್ರತಿಯಾಗಿ ಒಬ್ಬನು ಸಂಬಳವಿಲ್ಲದೆ ಅಥವಾ ನಾಮಮಾತ್ರದ ಸಂಬಳಕ್ಕೆ ದುಡಿಯಬೇಕಾದರೆ, ಬೇರೆ ಕೆಲಸಕ್ಕೆ ಸೇರುವ ಸ್ವಾತಂತ್ರ್ಯವನ್ನಾಗಲಿ ಸಂಚರಿಸುವ ಸ್ವಾತಂತ್ರ್ಯವನ್ನಾಗಲಿ ಕಳೆದುಕೊಂಡರೆ, ಇಲ್ಲವೆ ತನ್ನ ದುಡಿಮೆಯ ಫಲವನ್ನು ಪೇಟೆಯ ಬೆಲೆಗೆ ಮಾರುವ ಹಕ್ಕನ್ನು ಬಿಟ್ಟುಕೊಟ್ಟರೆ, ಅದು ಜೀತವೇ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಸಾಕು. ಬೇಡಿಯಾಗಲಿ ಚಾವಟಿಯಾಗಲಿ ಇರಬೇಕೆಂದಿಲ್ಲ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ (೧೯೮೨) ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಹಸಿವು ಬಡತನಗಳ ಒತ್ತಡವೂ ಒಂದು ಬಲಾತ್ಕಾರವೇ ಎಂದೂ, ಕನಿಷ್ಠ ವೇತನಕ್ಕಿಂತ ಕಡಮೆ ಕೂಲಿಗೆ ದುಡಿಸುವುದು ಬಲವಂತದ ದುಡಿಮೆಯೆಂದೂ ನಿರ್ಣಯಿಸಿತು. ಫರೀದಾಬಾದಿನ ಕಲ್ಲುಗಣಿಗಳನ್ನು ಕುರಿತ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, ಬಲವಂತದ ದುಡಿಮೆಯು ಕಂಡುಬಂದಲ್ಲಿ ಅದರ ಹಿಂದೆ ಮುಂಗಡವಿದೆಯೆಂದೇ ಊಹಿಸತಕ್ಕದ್ದು ಎಂದಿತು. ಸಾಲದ ಪತ್ರವನ್ನು ಹುಡುಕಿ ತರುವ ಹೊಣೆಯು ಹೀಗೆ ಕೂಲಿಯ ಮೇಲಿಂದ ಇಳಿಯಿತು.

ಈಗ ರೇಷ್ಮೆಯ ಸರಣಿಯನ್ನು ನೋಡೋಣ. ರೈತನು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡುಗಳನ್ನು ರಾಮನಗರದಂತಹ ಮಾರುಕಟ್ಟೆಗೆ ತರುತ್ತಾನೆ. ಅಲ್ಲಿ ಕೊಂಡ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಆ ನೂಲಿಗೆ ಹುರಿ ಹಾಕುತ್ತಾರೆ. ಬಣ್ಣ ಕಟ್ಟಿದ ಬಳಿಕ ಅದು ನೇಕಾರನಿಗೂ ಕೊನೆಗೆ ಸೀರೆಯ ಅಂಗಡಿಗೂ ಸೇರುತ್ತದೆ. ಕರ್ಣಾಟಕದ ನೂಲು ಕಾಂಚೀಪುರ, ಧರ್ಮಾವರಗಳ ಮಗ್ಗಗಳಿಗೂ ಹೋಗುವುದರಿಂದ ಸರಣಿಯು ರಾಜ್ಯದ ಗಡಿಯನ್ನು ದಾಟುತ್ತದೆ.

ಈ ಸರಣಿಯ ನಡುವಣ ಎರಡು ಕೊಂಡಿಗಳು, ಎಂದರೆ ನೂಲು ಬಿಚ್ಚುವುದೂ ಹುರಿ ಹಾಕುವುದೂ, ಬಹುಕಾಲ ಮಕ್ಕಳ ಜೀತಕ್ಕೆ ಎಡೆಯಾಗಿದ್ದವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ೨೦೦೩ರಲ್ಲಿ ಕರ್ಣಾಟಕ, ತಮಿಳುನಾಡು, ಉತ್ತರ ಪ್ರದೇಶಗಳ ರೇಷ್ಮೆ ಉದ್ಯಮವನ್ನು ಕುರಿತು ಪ್ರಕಟಿಸಿದ ವರದಿಯು, ತಂದೆತಾಯಿಗಳು ಪಡೆದ ಮುಂಗಡಕ್ಕಾಗಿ ಮಕ್ಕಳು ದಿನಕ್ಕೆ ೧೨ ಗಂಟೆ, ಕೆಲವೆಡೆ ಅದಕ್ಕೂ ಹೆಚ್ಚು, ದುಡಿಯುತ್ತಿದ್ದುದನ್ನು ದಾಖಲಿಸಿತು. ಕುದಿನೀರಿನಲ್ಲಿ ಕೈಯಾಡಿಸಿ ಬೊಬ್ಬೆಯೆದ್ದ ಬೆರಳುಗಳು, ಗಾಳಿಯಾಡದ ಕೋಣೆ, ಯಂತ್ರಗಳ ಮೊರೆತ ಇವು ಆ ದುಡಿಮೆಯ ಪರಿಸರ. ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರು ಶೂನ್ಯವೆಂದು ೧೯೩೩ರಲ್ಲಿಯೇ ಬ್ರಿಟಿಷ್ ಇಂಡಿಯಾದಲ್ಲಿ ಶಾಸನವಾಗಿತ್ತೆಂಬುದನ್ನು ನೆನೆದರೆ, ಕಾನೂನಿಗೂ ಕೆಲಸದ ಕೋಣೆಗೂ ಇದ್ದ ದೂರವು ತಿಳಿಯುತ್ತದೆ. ಆ ವರದಿಯ ತರುವಾಯ ಸ್ವಯಂಚಾಲಿತ ಯಂತ್ರಗಳು ಬಂದಿವೆ. ೨೦೧೬ರ ತಿದ್ದುಪಡಿಯಿಂದ ೧೪ ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯಮದಲ್ಲಿಯೂ ಕೂಲಿಗಿಡುವುದು ನಿಷಿದ್ಧವಾಗಿದೆ. ಆದರೂ ಆ ಜೀತವನ್ನು ಹುಟ್ಟಿಸಿದ ಕಾರಣಗಳು ನಮ್ಮ ಅಧ್ಯಯನಕ್ಕೆ ಯೋಗ್ಯವಾಗಿವೆ.

ಕಾರಣವು ಒಬ್ಬ ಮಾಲೀಕನ ಕ್ರೌರ್ಯದಲ್ಲಿ ಮಾತ್ರ ಇಲ್ಲ. ನೂಲು ಬಿಚ್ಚುವವನು ಹೆಚ್ಚಾಗಿ ಅಲ್ಪ ಬಂಡವಾಳದವನು. ಗೂಡಿನ ಬೆಲೆಯೂ ನೂಲಿನ ಬೆಲೆಯೂ ಏರಿಳಿಯುತ್ತಿರುವಾಗ ಅವನ ಕೈಯಲ್ಲಿ ಇಳಿಸಬಹುದಾದ ವೆಚ್ಚವೆಂದರೆ ಕೂಲಿಯೊಂದೇ. ಇನ್ನೊಂದು ಕಡೆ, ಕಾಯಿಲೆಗೋ ಮದುವೆಗೋ ಹಣ ಬೇಕಾದ ಬಡವನಿಗೆ ಬೇರೆಲ್ಲಿಯೂ ಸಾಲ ಹುಟ್ಟುವುದಿಲ್ಲ. ಈ ಎರಡು ಕೊರತೆಗಳು ಕೂಡುವ ಸ್ಥಳವೇ ಮುಂಗಡ. ಕೂಲಿಯು ಬಡ್ಡಿಗೂ ಸಾಲದಷ್ಟು ಕಡಮೆಯಾದಾಗ ಸಾಲ ಕರಗುವುದಿಲ್ಲ. ಸಾಲ ಉಳಿದಿರುವವರೆಗೆ ಆಳು ಹೊರಡುವಂತಿಲ್ಲ.

ಆದುದರಿಂದ ನಿವಾರಣೆಯನ್ನು ಬಯಸುವ ಸಂಸ್ಥೆಯು ನಾಲ್ಕು ಕಾರ್ಯಗಳನ್ನು ಮಾಡಬೇಕು. ಒಂದನೆಯದು, ತನಗೆ ನೇರವಾಗಿ ಮಾರುವವನಲ್ಲಿಗೇ ನಿಲ್ಲದೆ, ಸರಕು ಹಾದುಬರುವ ಪ್ರತಿಯೊಂದು ಕೊಂಡಿಯನ್ನೂ ಹೆಸರಿಸಿ ತಿಳಿಯುವುದು. ಎರಡನೆಯದು, ಮುಂಗಡದ ಲೆಕ್ಕವನ್ನು ಕೇಳುವುದು: ಕೊಟ್ಟದ್ದೆಷ್ಟು, ಮುರಿದುಕೊಂಡದ್ದೆಷ್ಟು, ಸಾಲವಿದ್ದೂ ಕೂಲಿಯು ಬಿಟ್ಟುಹೋಗಬಹುದೆ? ಮೊದಲೇ ತಿಳಿಸಿ ಮಾಡುವ ತನಿಖೆಯಲ್ಲಿ ಮಕ್ಕಳು ಕಾಣದಿರಬಹುದು. ಆದರೆ ಕೂಲಿಗಾರರನ್ನು ಮಾಲೀಕನ ಪರೋಕ್ಷದಲ್ಲಿ ವಿಚಾರಿಸಿದರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಮೂರನೆಯದು, ಕನಿಷ್ಠ ವೇತನವನ್ನು ಭರಿಸುವಂತಹ ಬೆಲೆಯನ್ನು ಕೊಟ್ಟು, ಹಣವನ್ನು ಸಕಾಲದಲ್ಲಿ ಸಲ್ಲಿಸುವುದು. ಬೆಲೆಯನ್ನು ಹಿಂಡಿ, ಬಳಿಕ ನೀತಿಸಂಹಿತೆಗೆ ಸಹಿ ಹಾಕಿಸುವುದು ಪರಸ್ಪರ ವಿರುದ್ಧವಾದ ನಡತೆ. ನಾಲ್ಕನೆಯದು, ಜೀತವು ಕಂಡುಬಂದಾಗ ಆ ವ್ಯಾಪಾರಿಯನ್ನು ಕೈಬಿಟ್ಟು ಸುಮ್ಮನಾಗದೆ, ಜಿಲ್ಲಾ ದಂಡಾಧಿಕಾರಿಗೂ ಜಾಗೃತಿ ಸಮಿತಿಗೂ ತಿಳಿಸಿ ಬಿಡುಗಡೆ ಪತ್ರ ದೊರೆಯುವಂತೆ ನೋಡಿಕೊಳ್ಳುವುದು. ೧೯೭೬ರ ಶಾಸನವು ಜೀತದ ಸಾಲವನ್ನು ರದ್ದುಪಡಿಸಿರುವುದರಿಂದ, ಯಾರೂ ಅದನ್ನು ತೀರಿಸಿ ಆಳನ್ನು ಬಿಡಿಸಬೇಕಾಗಿಲ್ಲ. ಆದರೆ ಪುನರ್ವಸತಿಯಿಲ್ಲದ ಬಿಡುಗಡೆಯು ಬಡವನನ್ನು ಮತ್ತೆ ಅದೇ ಮುಂಗಡದ ಬಾಗಿಲಿಗೆ ಕಳುಹಿಸುತ್ತದೆ.

ಬ್ರಿಟನ್ನಿನ ೨೦೧೫ರ ಆಧುನಿಕ ದಾಸ್ಯ ಶಾಸನವು ೩ ಕೋಟಿ ೬೦ ಲಕ್ಷ ಪೌಂಡಿಗೆ ಕಡಮೆಯಿಲ್ಲದ ವಾರ್ಷಿಕ ವಹಿವಾಟಿನ ಸಂಸ್ಥೆಗಳಿಂದ ಪ್ರತಿವರ್ಷವೂ ಒಂದು ಹೇಳಿಕೆಯನ್ನು ಬೇಡುತ್ತದೆ. ಆದರೆ ಯಾವ ಕ್ರಮವನ್ನೂ ಕೈಕೊಂಡಿಲ್ಲವೆಂದು ಹೇಳಿದರೂ ಆ ವಿಧಿಯು ನೆರವೇರಿದಂತಾಗುತ್ತದೆ. ಹೇಳಿಕೆಯು ಬೆಳಕನ್ನು ಚೆಲ್ಲಬಹುದು. ಸಾಲದ ಗಂಟನ್ನು ಅದು ಬಿಚ್ಚಲಾರದು.

ಕೊನೆಯದಾಗಿ, ವಿದ್ಯಾಸಂಸ್ಥೆಗಳೂ ಕೊಳ್ಳುವ ಸಂಸ್ಥೆಗಳೇ ಎಂಬುದನ್ನು ಮರೆಯಲಾಗದು. ಮುಂಗಡದ ಪದ್ಧತಿಯು ಇಟ್ಟಿಗೆಯ ಗೂಡುಗಳಲ್ಲಿಯೂ ವ್ಯಾಪಕವಾಗಿದೆ. ಕಾಲೇಜಿನ ಕಟ್ಟಡಕ್ಕೆ ಬೇಕಾದ ಇಟ್ಟಿಗೆಯು ಅಲ್ಲಿಂದಲೇ ಬರುತ್ತದೆ. ಅರ್ಥಶಾಸ್ತ್ರ ಸಮಾಜಶಾಸ್ತ್ರಗಳ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಒಂದು ಸರಕನ್ನು ಆರಿಸಿಕೊಂಡು ಅದರ ಮೂಲದವರೆಗೆ ಸರಣಿಯನ್ನು ಗುರುತಿಸಿದರೆ, ಅದು ಈ ಕ್ಷೇತ್ರದಲ್ಲಿ ಉಪಯುಕ್ತವಾದ ಸಂಶೋಧನೆಯಾದೀತು.