ಗಾಜು ಮತ್ತು ಸೆರಾಮಿಕ್ ಸರಕಿನ ಬಲಮಾಪನ: ಪರೀಕ್ಷಾ ವರದಿಯನ್ನು ಓದುವ ಬಗೆ

ಟೈಲ್ಸ್, ಗಾಜು, ಪಿಂಗಾಣಿ ಸರಕುಗಳ ವ್ಯವಹಾರದಲ್ಲಿ ಪರೀಕ್ಷಾ ವರದಿಯು ಇನ್‌ವಾಯ್ಸ್‌ನಷ್ಟೇ ಮುಖ್ಯವಾದ ದಾಖಲೆ. ಸರಕು ತಿರಸ್ಕೃತವಾದರೆ ಸಾಗಾಣಿಕೆಯ ಹಾಗೂ ಬದಲಿ ಸರಕಿನ ವೆಚ್ಚ ಸಾಮಾನ್ಯವಾಗಿ ಸರಬರಾಜುದಾರನ ಮೇಲೆಯೇ ಬೀಳುತ್ತದೆ. ಆದರೂ ವರದಿಯನ್ನು ಕಡತಕ್ಕೆ ಸೇರಿಸುವವರೇ ಹೆಚ್ಚು, ಓದುವವರು ಕಡಿಮೆ.

ಉಕ್ಕಿನ ಸರಳಿನ ಬಲವನ್ನು ಅದರ ಎರಡು ತುದಿಗಳನ್ನು ಹಿಡಿದೆಳೆದು ಅಳೆಯುತ್ತಾರೆ. ಗಾಜು, ಸೆರಾಮಿಕ್‌ಗಳಿಗೆ ಈ ಕ್ರಮ ಒಗ್ಗದು. ಹಿಡಿತದ ಬಳಿಯೇ ಅವು ಒಡೆಯುತ್ತವೆ. ಆದ್ದರಿಂದ ಮಾದರಿಯನ್ನು ಎರಡು ಆಧಾರಗಳ ಮೇಲಿರಿಸಿ, ನಡುವೆ ಭಾರ ಹೇರಿ, ಮುರಿಯುವವರೆಗೆ ಬಾಗಿಸಲಾಗುತ್ತದೆ. ಟೈಲ್ಸ್‌ಗೆ ಐಎಸ್‌ಒ 10545ರ 4ನೇ ಭಾಗವು ಇದನ್ನೇ ವಿಧಿಸಿದೆ.

ಇದರಿಂದ ಎರಡು ಅಂಕಿಗಳು ದೊರೆಯುತ್ತವೆ. ಮಾಡ್ಯುಲಸ್ ಆಫ್ ರಪ್ಚರ್ ಎಂಬುದು ಸಾಮಗ್ರಿಯ ಗುಣ. ಬ್ರೇಕಿಂಗ್ ಸ್ಟ್ರೆಂತ್ ಎಂಬುದು ದಪ್ಪದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಅದೇ ಮಣ್ಣು, ಅದೇ ಗೂಡು. ದಪ್ಪ ಮಾತ್ರ 10 ಮಿ.ಮೀ.ನಿಂದ 8 ಮಿ.ಮೀ.ಗೆ ಇಳಿದರೆ ಬ್ರೇಕಿಂಗ್ ಸ್ಟ್ರೆಂತ್ ಶೇ. 36ರಷ್ಟು ಕುಸಿಯುತ್ತದೆ. ಕಚ್ಚಾ ಸಾಮಗ್ರಿಯಲ್ಲಿ ಉಳಿತಾಯ ಮಾಡಹೊರಟವರು ಗಮನಿಸಬೇಕಾದ ಲೆಕ್ಕವಿದು.

ಇನ್ನು ಸರಾಸರಿಯ ವಿಷಯ. ನೀರು ಹೀರಿಕೆ ಶೇ. 0.5 ಮೀರದ ಒತ್ತು ಟೈಲ್ಸ್‌ಗೆ ಐಎಸ್‌ಒ 13006ರ ಪ್ರಕಾರ ಮಾಡ್ಯುಲಸ್‌ನ ಸರಾಸರಿ ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 35 ನ್ಯೂಟನ್ ಇರಬೇಕು. ಯಾವುದೇ ಬಿಡಿ ಮಾದರಿ 32ಕ್ಕಿಂತ ಕೆಳಗಿಳಿಯಬಾರದು. ಒಂದು ಲಾಟ್‌ನ ಐದು ಮಾದರಿಗಳು 39, 40, 40, 40, 41 ಎಂದೂ, ಇನ್ನೊಂದರವು 27, 34, 41, 45, 53 ಎಂದೂ ಇರಲಿ. ಎರಡರ ಸರಾಸರಿಯೂ 40. ಆದರೆ ಎರಡನೆಯ ಲಾಟ್ ತಿರಸ್ಕಾರಕ್ಕೆ ಅರ್ಹ. ಬಾಕಿ ವಸೂಲಿಗೆ ಸರಾಸರಿ 45 ದಿನವೆಂಬ ಲೆಕ್ಕವು ಹತ್ತು ತಿಂಗಳಿಂದ ಹಣ ಕೊಡದ ಗಿರಾಕಿಯನ್ನು ಮರೆಮಾಚುವುದಿಲ್ಲವೇ, ಹಾಗೆಯೇ ಇದು.

ಈ ಏರುಪೇರಿಗೆ ಕಾರಣ ಕಣ್ಣಿಗೆ ಕಾಣದ ಬಿರುಕುಗಳು. ಗಾಜು ತನ್ನ ಸೈದ್ಧಾಂತಿಕ ಬಲಕ್ಕಿಂತ ಬಹು ಕಡಿಮೆ ಭಾರಕ್ಕೆ ಒಡೆಯುವುದು ಇವುಗಳಿಂದಲೇ ಎಂದು ಇಂಗ್ಲೆಂಡಿನ ಗ್ರಿಫಿತ್ 1921ರ ಪ್ರಬಂಧದಲ್ಲಿ ವಿವರಿಸಿದರು. ಸ್ವೀಡನ್ನಿನ ವೈಬುಲ್ 1939ರಲ್ಲಿ ಈ ಹರಡಿಕೆಗೆ ಗಣಿತದ ರೂಪ ಕೊಟ್ಟರು. ವೈಬುಲ್ ಮಾಡ್ಯುಲಸ್ ಹೆಚ್ಚಿದ್ದಷ್ಟೂ ಸರಕು ಏಕರೂಪದ್ದು. ದೊಡ್ಡ ತುಂಡಿನಲ್ಲಿ ದೊಡ್ಡ ಬಿರುಕು ಸಿಗುವ ಸಂಭವ ಅಧಿಕವಾದ್ದರಿಂದ ಬಲವೂ ಕಡಿಮೆ: ಈ ಸಂಖ್ಯೆ 10 ಇದ್ದಲ್ಲಿ, ಹತ್ತರಷ್ಟು ಗಾತ್ರದ ತುಂಡಿನ ಬಲ ಸುಮಾರು ಶೇ. 20ರಷ್ಟು ಕುಗ್ಗುತ್ತದೆ; 5 ಇದ್ದಲ್ಲಿ ಸುಮಾರು ಶೇ. 37. ಸಣ್ಣ ಮಾದರಿಯ ವರದಿ ತೋರಿಸಿ ದೊಡ್ಡ ಫಲಕಕ್ಕೆ ಖಾತರಿ ಕೊಡುವುದು ಅಪಾಯಕರ.

ಗಾಜಿನ ಐರೋಪ್ಯ ಮಾನಕಗಳಲ್ಲಿ ಸಾಧಾರಣ ಫ್ಲೋಟ್ ಗಾಜಿಗೆ 45, ಟಫನ್ಡ್ ಗಾಜಿಗೆ 120 ನ್ಯೂಟನ್ ಎಂದಿದೆ. ಇವು ಸರಾಸರಿಗಳಲ್ಲ; ಬಹುಪಾಲು ತುಂಡುಗಳು ಮುಟ್ಟಲೇಬೇಕಾದ ಕೆಳಮಿತಿಗಳು. ಟಫನ್ಡ್ ಗಾಜಿನ ಮೇಲ್ಮೈ ಸದಾ ಒತ್ತಡದಲ್ಲಿರುವುದರಿಂದ ಬಿರುಕು ಬೇಗ ಬಾಯ್ತೆರೆಯದು. ಆದರೆ ಅದನ್ನು ನಂತರ ಕತ್ತರಿಸಲಾಗದು. ಅಳತೆ, ರಂಧ್ರಗಳನ್ನು ಆರ್ಡರ್ ಕೊಡುವಾಗಲೇ ಖಚಿತಪಡಿಸಬೇಕು.

ಖರೀದಿ ಆದೇಶದಲ್ಲಿ “ಉತ್ತಮ ಬಲವುಳ್ಳ” ಎಂಬ ಪದಗಳಿಗೆ ಬೆಲೆಯಿಲ್ಲ. ಮಾನಕದ ಸಂಖ್ಯೆ, ಮಾದರಿಗಳ ಸಂಖ್ಯೆ ಮತ್ತು ಗಾತ್ರ, ಸರಾಸರಿಯೊಡನೆ ಕನಿಷ್ಠ ಬಿಡಿ ಅಂಕಿ, ವಿವಾದವುಂಟಾದಲ್ಲಿ ಮರುಪರೀಕ್ಷೆ ನಡೆಸುವ ಪ್ರಯೋಗಾಲಯ ಹಾಗೂ ಅದರ ಶುಲ್ಕ ಭರಿಸುವವರು ಯಾರೆಂಬುದು, ಇವಿಷ್ಟನ್ನು ಸರಕು ಹೊರಡುವ ಮೊದಲೇ ಬರಹದಲ್ಲಿ ನಮೂದಿಸಬೇಕು.