ಅಪ್ಪನ ಅಂಗಾಲು ನೋಡಿದ್ದೀರಾ?

ಪರೀಕ್ಷೆಗೆ, ಇಂಟರ್‌ವ್ಯೂಗೆ ಹೊರಡುವ ಮುನ್ನ ಅಪ್ಪ-ಅಮ್ಮನ ಕಾಲಿಗೆ ಬೀಳುತ್ತೇವೆ. ಆಗ ನಮಗೆ ಕಾಣುವುದು ಪಾದದ ಮೇಲ್ಭಾಗ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಮುಖ್ಯವಾಗಿ ನೋಡಬೇಕಾದ್ದು ಅಡಿಭಾಗ.

ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಸಮೀಕ್ಷಾ ವರದಿ ಹೇಳುತ್ತದೆ. ಮಧುಮೇಹಿಗಳಲ್ಲಿ ನೂರಕ್ಕೆ 19ರಿಂದ 34 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗಬಹುದು ಎಂಬುದು ತಜ್ಞರ ಲೆಕ್ಕ. ನಮ್ಮ ನಂಜನಗೂಡು, ತಿ.ನರಸೀಪುರ ಸೀಮೆಯ ಬದುಕನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಕಬಿನಿ ನಾಲೆಯ ಗದ್ದೆಗೆ ಇಳಿದವರ ಕಾಲಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ ಚಾಕುವಿನಂತಿರುತ್ತದೆ. ಮನೆಯೊಳಗೆ ಚಪ್ಪಲಿ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ನಂಜುಂಡೇಶ್ವರನ ದೊಡ್ಡ ಜಾತ್ರೆ ಬರುವುದೇ ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ; ತೇರಿನ ಬೀದಿಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಆ ಕಾವು ಗೊತ್ತು. ಗೊತ್ತಾಗದವರೇ ಅಪಾಯದಲ್ಲಿರುವವರು.

ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ನರಗಳು ಹಾಳಾಗುತ್ತವೆ. ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಆದ್ದರಿಂದ ಕಾಲ್ಬೆರಳೇ ಮೊದಲು ಜೋಮು ಹಿಡಿಯುತ್ತದೆ. ಬೆವರು ಕಡಿಮೆಯಾಗಿ ಹಿಮ್ಮಡಿ ಒಣಗಿ ಒಡೆಯುತ್ತದೆ. ರಕ್ತ ಸರಿಯಾಗಿ ಇಳಿಯದಿದ್ದರೆ ಆದ ಗಾಯ ಮಾಯುವುದಿಲ್ಲ. ನಮಗೆ ಕಾಲಿಗೆ ಮುಳ್ಳು ಚುಚ್ಚಿದರೆ ಕುಂಟುತ್ತೇವೆ, ಆ ಜಾಗಕ್ಕೆ ಭಾರ ಬಿಡುವುದಿಲ್ಲ. ನೋವು ಗೊತ್ತಾಗದವರು ಅದೇ ಗಾಯದ ಮೇಲೆ ದಿನವಿಡೀ ನಡೆಯುತ್ತಾರೆ.

ನಮ್ಮ ಬೀದಿಯ ಹಿರಿಯರೊಬ್ಬರು ಒಮ್ಮೆ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಎಲ್ಲಿ ಕಳಚಿತೋ ಅವರಿಗೇ ತಿಳಿಯದು. ‘ವಯಸ್ಸಾಯ್ತು, ಮರೆವು’ ಎಂದು ಎಲ್ಲರೂ ನಕ್ಕರು. ಮರೆವೇನೂ ಅಲ್ಲ, ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಕೆಲವು ತಿಂಗಳ ನಂತರ ಹವಾಯಿ ಚಪ್ಪಲಿ ತೂರಿ ಬಂದ ಜಾಲಿ ಮುಳ್ಳು ಅಂಗಾಲಿಗೆ ಹೊಕ್ಕಿದ್ದು ಗೊತ್ತಾದದ್ದು ನೆಲದ ಮೇಲೆ ರಕ್ತದ ಗುರುತು ಕಂಡಾಗ. ಅರಿಶಿನ ಹಚ್ಚಿ, ಕಾಫಿ ಪುಡಿ ಮೆತ್ತಿ ಹತ್ತು ದಿನ ಕಳೆದರು. ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಮಗ ಪಿಡಿಒ ಪರೀಕ್ಷೆಯ ಕೋಚಿಂಗ್ ಬಿಟ್ಟು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಒಂದು ಮುಳ್ಳಿನ ಖರ್ಚು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ನೋವಿಲ್ಲದ ಪಾದದ ವಿಚಾರವನ್ನು ಜಗತ್ತಿಗೆ ತಿಳಿಸಿದವರಲ್ಲಿ ಒಬ್ಬರು ನೆರೆಯ ತಮಿಳುನಾಡಿನಲ್ಲಿ ಕೆಲಸ ಮಾಡಿದವರು. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ನೋವು ತಿಳಿಯದೆ ಆಗುವ ಗಾಯಗಳೇ ಕಾರಣ ಎಂದು ಅವರು ತೋರಿಸಿದರು. ಅಂಥ ಪಾದಗಳಿಗಾಗಿ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬಳಕೆಗೆ ಬಂತು. 1966ರಲ್ಲಿ ಅಮೆರಿಕಕ್ಕೆ ಹೋದ ಬ್ರಾಂಡ್, ಮಧುಮೇಹಿಗಳ ಪಾದದಲ್ಲೂ ಅದೇ ಬಗೆಯ ಹುಣ್ಣು ಕಂಡು, ವೆಲ್ಲೂರಿನಲ್ಲಿ ಕಲಿತದ್ದನ್ನು ಅಲ್ಲಿಯೂ ಬಳಸಿದರು. ಇವತ್ತಿಗೂ ಎಂಸಿಆರ್ ಚಪ್ಪಲಿ ಕಂಡರೆ ‘ಅದು ಕುಷ್ಠದವರದು’ ಎಂದು ಮುಖ ತಿರುಗಿಸುವವರಿದ್ದಾರೆ. ಬ್ರಾಂಡೆಡ್ ಶೂ ಬೇಕೆಂದು ಹಟ ಹಿಡಿಯುವ ನಾವು ಅಪ್ಪನ ಕಾಲಿಗೆ ಏನಿದೆ ಎಂದು ಕೇಳುವುದು ಅಪರೂಪ.

ಸ್ಪರ್ಶ ಇದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು ರೂಪಿಸಿದ್ದು. ಬೇಕಾದ್ದು ನಿಮ್ಮ ತೋರುಬೆರಳು ಮಾತ್ರ. ಅಪ್ಪನನ್ನೋ ಅಮ್ಮನನ್ನೋ ಕಣ್ಣು ಮುಚ್ಚಿ ಮಲಗಲು ಹೇಳಿ. ಪ್ರತಿ ಪಾದದ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳು, ಹೀಗೆ ಒಟ್ಟು ಆರು ಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಗೊತ್ತಾಗಲಿಲ್ಲವೆಂದು ಎರಡನೇ ಸಲ ಮುಟ್ಟಬಾರದು. ಮುಟ್ಟಿದಾಗ ಎಡವೋ ಬಲವೋ ಅವರೇ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಹುಣ್ಣಿನ ಅಪಾಯ ಇದೆ ಎಂದರ್ಥ, ವೈದ್ಯರಿಗೆ ತೋರಿಸಬೇಕು. ಎಲ್ಲ ಸರಿಯಾದರೂ ವೈದ್ಯರ ತಪಾಸಣೆ ಬೇಡವೆಂದಲ್ಲ.

ಅಮ್ಮಂದಿರು ಸುಲಭಕ್ಕೆ ಒಪ್ಪುವುದಿಲ್ಲ. ‘ನನ್ನ ಕಾಲು ನೀನು ಹಿಡಿಯೋದಾ, ಬಿಡು’ ಎನ್ನುತ್ತಾರೆ. ಎಣ್ಣೆ ಹಚ್ಚುವ ನೆಪದಲ್ಲಿ ನೋಡಬಹುದು. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರಬೇಕು. ಬೆಂಗಳೂರಿನ ಪಿಜಿಯಲ್ಲಿರುವವರು ವಿಡಿಯೊ ಕಾಲ್‌ನಲ್ಲೇ ಅಂಗಾಲು ತೋರಿಸಲು ಹೇಳಿ. ಆಣಿ ಇದ್ದರೆ ಬ್ಲೇಡಿನಿಂದ ಕೆತ್ತಲು, ಆಣಿ ಪಟ್ಟಿ ಅಂಟಿಸಲು ಬಿಡಬೇಡಿ. ಚಳಿಗಾಲದಲ್ಲಿ ಬಿಸಿನೀರಿನ ಹದವನ್ನು ಅವರು ಕಾಲಿನಿಂದ ನೋಡಬಾರದು, ಮೊಣಕೈಯಿಂದ ನೋಡಲಿ. ಕೈಗಾರಿಕಾ ಪ್ರದೇಶಕ್ಕೆ ಸೇಫ್ಟಿ ಶೂ ಹಾಕಿಕೊಂಡು ಹೋಗುವವರು ಹಾಕುವ ಮುನ್ನ ಒಳಗೆ ಕೈ ಆಡಿಸಿ ನೋಡಲಿ. ದೇವಸ್ಥಾನಕ್ಕೆ ಹೋಗುವುದಿದ್ದರೆ ಕಲ್ಲು ತಣ್ಣಗಿರುವ ಬೆಳಗಿನ ಹೊತ್ತೇ ವಾಸಿ. ಜಾತ್ರೆಯಿಂದಲೋ ತ್ರಿವೇಣಿ ಸಂಗಮದ ಸ್ನಾನದಿಂದಲೋ ಬಂದ ದಿನ ಪಾದ ಒರೆಸಿ, ನೋಡಿಯೇ ಮಲಗಬೇಕು.

ಕೆಂಪಾಗಿ ಊದಿಕೊಂಡಿದ್ದರೆ, ಬೆರಳು ಕಪ್ಪಾದರೆ, ಕೀವು ಅಥವಾ ವಾಸನೆ ಬಂದರೆ ನಾಳೆಗೆ ಬಿಡುವಂತಿಲ್ಲ. ಗಾಯ ಎಷ್ಟೇ ಸಣ್ಣದಿರಲಿ, ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸಾಮಾನ್ಯ ದಿನಗಳಲ್ಲಿ ಶುಗರ್ ಮಾತ್ರೆಗೆ ಹೋದಾಗಲೂ ಜೊತೆಗೆ ಹೋಗಿ. ಸಾಲು ಉದ್ದವಿರುತ್ತದೆ, ವೈದ್ಯರು ಚೀಟಿ ನೋಡಿ ಮಾತ್ರೆ ಬರೆಯುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಅವರು ಕೇಳದಿದ್ದರೂ ಅಪ್ಪನ ಚಪ್ಪಲಿ ಬಿಚ್ಚಿಸಿ, ‘ಸಾರ್, ಪಾದ ಒಮ್ಮೆ ನೋಡಿ’ ಎಂದು ನೀವೇ ಹೇಳಿ.