ಉದ್ರಿ ನೋಡಿಕೊಳ್ಳುವುದೂ ಒಂದು ವೃತ್ತಿ

ವಿದ್ಯಾರ್ಥಿವೇತನಕ್ಕೆ ಬರುವ ಅರ್ಜಿಗಳಲ್ಲಿ ಬಿ.ಕಾಂ. ಓದುವವರು ಕಡಿಮೆಯೇನಲ್ಲ. ‘ಮುಂದಿನ ಗುರಿ’ ಎಂಬಲ್ಲಿ ಹೆಚ್ಚಿನವರು ‘ಬ್ಯಾಂಕ್ ಕೆಲಸ’ ಎಂದಷ್ಟೇ ಬರೆಯುತ್ತಾರೆ. ಬ್ಯಾಂಕಿನಲ್ಲಿ ಯಾವ ಕೆಲಸ ಎಂದು ಕೇಳಿದರೆ ಮಕ್ಕಳೂ ಪೋಷಕರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆದ್ದರಿಂದ ಈ ಸಲದ ವರದಿಯಲ್ಲಿ ಒಂದೇ ಕೆಲಸದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇವೆ. ಕ್ರೆಡಿಟ್ ಮ್ಯಾನೇಜ್‌ಮೆಂಟ್ ಎಂಬುದು ಅದರ ಹೆಸರು. ನಮ್ಮ ಮಾತಿನಲ್ಲಿ ಸಾಲ ಮತ್ತು ಉದ್ರಿಯ ನಿರ್ವಹಣೆ. ಯಾರಿಗೆ, ಎಷ್ಟು, ಎಷ್ಟು ದಿನಕ್ಕೆ ಕೊಡಬಹುದು ಎಂದು ತೂಗಿ ನೋಡುವುದು, ಕೊಟ್ಟದ್ದನ್ನು ಬರೆದಿಡುವುದು, ವಾಯಿದೆಗೆ ಮೊದಲೇ ನೆನಪಿಸುವುದು, ಬಾರದಿದ್ದರೆ ಮರ್ಯಾದೆಯಿಂದ ವಸೂಲು ಮಾಡುವುದು, ಇಷ್ಟೂ ಅದರೊಳಗೆ ಬರುತ್ತದೆ.

ರಾಮನಗರ, ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಿಗೆ ಇದರ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಗೂಡು ಕೊಂಡರೆ ರೈತರಿಗೆ ಹಣ ಕೂಡಲೇ ಸಲ್ಲಬೇಕು. ಬಿಚ್ಚಿದ ರೇಷ್ಮೆಯನ್ನು ವ್ಯಾಪಾರಿಗೆ ಉದ್ರಿ ಕೊಟ್ಟರೆ ಹಣ ಬರುವುದು ಎಷ್ಟೋ ದಿನದ ಮೇಲೆ. ನೂಲು ಎಷ್ಟೇ ಚೆನ್ನಾಗಿ ತೆಗೆದರೂ ಈ ನಡುವಿನ ದಿನಗಳನ್ನು ತಡೆದುಕೊಳ್ಳಲಾಗದೆ ಕೈಸೋತವರಿದ್ದಾರೆ.

ಪಾಠ ಹೇಳಿ ಅಭ್ಯಾಸವಾದ ನಮಗೆ ಒಂದು ಲೆಕ್ಕ ಬಿಡಿಸದಿದ್ದರೆ ಸಮಾಧಾನವಿಲ್ಲ. ಒಂದು ಅಂಗಡಿ ತಿಂಗಳಿಗೆ ₹2 ಲಕ್ಷದ ಮಾಲನ್ನು ಉದ್ರಿ ಕೊಡುತ್ತದೆ ಎನ್ನಿ. ಹೊರಗೆ ನಿಂತ ಬಾಕಿ ₹3 ಲಕ್ಷ. ಅಂದರೆ ಸರಾಸರಿ 45 ದಿನದ ವ್ಯಾಪಾರ ಗಿರಾಕಿಗಳ ಕೈಯಲ್ಲಿದೆ. ಸಗಟು ವ್ಯಾಪಾರಿ ಈ ಅಂಗಡಿಗೆ ಕೊಟ್ಟ ವಾಯಿದೆ 30 ದಿನ ಮಾತ್ರ. ಉಳಿದ 15 ದಿನಕ್ಕೆ ಮಾಲೀಕರು ಕೈಯಿಂದ ಹಾಕಬೇಕು, ಇಲ್ಲವೇ ಸಾಲ ತರಬೇಕು. ಇನ್ನು ₹10,000 ಬಾಕಿ ಮುಳುಗಿತು ಎನ್ನಿ. ನೂರಕ್ಕೆ ಐದರ ಲಾಭದಲ್ಲಿ ವ್ಯಾಪಾರ ಮಾಡುವವರು ಆ ಹಣವನ್ನು ತುಂಬಿಕೊಳ್ಳಲು ₹2 ಲಕ್ಷದ ಮಾಲು ಹೊಸದಾಗಿ ಮಾರಬೇಕು. ಇಂಥ ಲೆಕ್ಕವನ್ನು ಪ್ರತಿ ತಿಂಗಳೂ ತೆಗೆದು ಮಾಲೀಕರ ಮುಂದಿಡುವ ಹುಡುಗನೋ ಹುಡುಗಿಯೋ ಇದ್ದರೆ ತಮ್ಮ ಸಂಬಳವನ್ನು ತಾವೇ ದುಡಿದು ಕೊಟ್ಟಂತೆ.

ಕಾಲೇಜು ಕಿರ್ದಿ, ಖಾತೆ, ಅಢಾವೆ ಪತ್ರಿಕೆಗಳನ್ನು ಕಲಿಸುತ್ತದೆ. ಅದು ಬೇಕು. ಆದರೆ ಗಿರಾಕಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ವಿವರ, 300ರಿಂದ 900ರವರೆಗಿನ ಸಿಬಿಲ್ ಅಂಕ ಇವುಗಳನ್ನು ಒಟ್ಟಿಗೆ ಇಟ್ಟು ಓದುವುದು ಕೈಕೆಲಸದಂತೆ, ಮಾಡಿಯೇ ಕಲಿಯಬೇಕು. ಕಂತು ತಪ್ಪಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ ಎಂಬುದನ್ನು ಪುಸ್ತಕ ಹೇಳುತ್ತದೆ. ಮೂವತ್ತನೆಯ ದಿನವೇ ಫೋನ್ ಮಾಡಿ ಏನು ಮಾತಾಡಬೇಕು ಎಂಬುದನ್ನು ತರಬೇತಿ ಹೇಳಿಕೊಡುತ್ತದೆ. ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಬರಹದ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಎಂದು 2006ರ ಕಾಯ್ದೆ ಹೇಳುತ್ತದೆ. ಇದು ಗೊತ್ತಿಲ್ಲದೆ ತಮ್ಮದೇ ಹಣವನ್ನು ಅಂಗಲಾಚಿ ಕೇಳುವ ವರ್ಕ್‌ಶಾಪ್ ಮಾಲೀಕರು ನಮ್ಮ ಬೀದಿಗಳಲ್ಲೇ ಇದ್ದಾರೆ.

ವಸೂಲಿ ಎಂದೊಡನೆ ತಾಯಂದಿರು ಹೆದರುತ್ತಾರೆ. ಹೆದರಿಕೆಗೆ ಕಾರಣವಿದೆ. ಕಿರುಸಾಲ ವಸೂಲಿಯ ಕಿರುಕುಳ ಹೆಚ್ಚಿ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬ್ಯಾಂಕುಗಳ ವಸೂಲಿ ಏಜೆಂಟರು ತರಬೇತಿ ಪಡೆದಿರಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿತ್ತು. 1928ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಇದಕ್ಕಾಗಿ ಡಿಆರ್‌ಎ ಎಂಬ ಪರೀಕ್ಷೆ ನಡೆಸುತ್ತದೆ. ಪದವೀಧರರಿಗೆ 50 ಗಂಟೆ, ಪದವಿ ಇಲ್ಲದವರಿಗೆ 100 ಗಂಟೆ ತರಬೇತಿ. 2022ರ ನಿಯಮದಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಕಿರುಸಾಲಕ್ಕೆ ಬೆಳಿಗ್ಗೆ 9, ಸಂಜೆ 6. ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುವಂತೆ ಕಿರುಸಾಲ ಕೊಡುವಂತಿಲ್ಲ. ಇವನ್ನು ಕಲಿತು, ಮನೆಬಾಗಿಲಲ್ಲಿ ಕನ್ನಡದಲ್ಲೂ ದಖನಿಯಲ್ಲೂ ಮೆಲ್ಲಗೆ ಮಾತಾಡಬಲ್ಲ ನಮ್ಮ ಮಕ್ಕಳು ಈ ಕೆಲಸಕ್ಕೆ ಬಂದರೆ ಸಾಲಗಾರರಿಗೂ ಉಪಕಾರ.

ಬಡ್ಡಿಯ ಪ್ರಶ್ನೆಯನ್ನು ಹಿರಿಯರು ಎತ್ತಿಯೇ ಎತ್ತುತ್ತಾರೆ. ಬ್ಯಾಂಕ್ ನೌಕರಿಯ ಬಗ್ಗೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಮನಸ್ಸಿಗೆ ಅಳುಕಿದ್ದವರು ಉಲಮಾಗಳನ್ನು ಕೇಳಿಕೊಳ್ಳಲಿ. ಆದರೆ ಈ ವಿದ್ಯೆ ಬ್ಯಾಂಕಿಗಷ್ಟೇ ಸೇರಿದ್ದಲ್ಲ. ಔಷಧಿ ವಿತರಕರು, ಸಿಮೆಂಟ್ ಮತ್ತು ಟೈಲ್ಸ್ ಮಂಡಿಗಳು, ಕಾಫಿ, ಅಡಿಕೆ ವ್ಯಾಪಾರಿಗಳು, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ, ಎಲ್ಲೆಡೆ ಬಡ್ಡಿಯಿಲ್ಲದ ಉದ್ರಿಯೂ ಇದೆ, ಅದನ್ನು ನೋಡಿಕೊಳ್ಳುವವರೂ ಬೇಕು. ಕುರ್‌ಆನಿನ ಅತಿ ಉದ್ದದ ಆಯತ್ ಸಾಲವನ್ನು ಸಾಕ್ಷಿಗಳೊಂದಿಗೆ ಬರೆದಿಡುವುದರ ಬಗ್ಗೆಯೇ ಇದೆ ಎಂಬುದನ್ನು ಮನೆಯಲ್ಲಿ ನೆನಪಿಸಿಕೊಳ್ಳಬಹುದು.

ಪದವಿ ವ್ಯಾಸಂಗದ ಜೊತೆಗೆ ಇಂಥ ಅಲ್ಪಾವಧಿ ತರಬೇತಿಯ ಶುಲ್ಕಕ್ಕೂ ಈ ಸಾಲಿನಲ್ಲಿ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳು, ಓದು ಅರ್ಧಕ್ಕೆ ನಿಂತವರು ಸಂಕೋಚಪಡಬೇಡಿ. ಡಿಆರ್‌ಎ ಕಲಿಸುವ ಕೇಂದ್ರಕ್ಕೆ ಮೇಲೆ ಹೇಳಿದ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ. ‘ಕೆಲಸ ಗ್ಯಾರಂಟಿ’ ಎಂದು ಮುಂಗಡ ಕೇಳುವವರ ರಸೀದಿಯನ್ನು ನಾವು ಪರಿಗಣಿಸುವುದಿಲ್ಲ. ಅರ್ಜಿಯೊಂದಿಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ತರಬೇತಿ ಕೇಂದ್ರದ ಶುಲ್ಕ ವಿವರ ಲಗತ್ತಿಸಿ, ಈ ಕೆಲಸವನ್ನು ಎಲ್ಲಿ ಮಾಡಲು ಬಯಸುತ್ತೀರಿ ಎಂದು ಅರ್ಧ ಪುಟ ನಿಮ್ಮ ಕೈಬರಹದಲ್ಲೇ ಬರೆದು ಕಳುಹಿಸಿ.